ಅಮ್ಮನ ಕಿವಿಯ ಚಾರ್ಜು

ಮನೆಯಲ್ಲಿ ಮನುಷ್ಯರಿಗೆ ಹಸಿವಾಗುವುದು ನನಗೆ ಅರ್ಥವಾಗುತ್ತದೆ. ದನಕ್ಕೆ, ನಾಯಿಗೆ, ಬೆಕ್ಕಿಗೆ ಹಸಿವಾಗುವುದೂ ಅರ್ಥವಾಗುತ್ತದೆ. ಅವು ಬಾಯಿ ತೆರೆದು ಕೇಳುತ್ತವೆ, ಹಾಕಿದರೆ ತಿನ್ನುತ್ತವೆ, ತಿಂದು ಸುಮ್ಮನೆ ಮಲಗುತ್ತವೆ. ಆದರೆ ಸೊಳ್ಳೆ ಹೊಡೆಯುವ ಬ್ಯಾಟಿಗೆ ಹಸಿವಾಗುವ, ಟಾರ್ಚಿಗೆ ಹಸಿವಾಗುವ, ಗಡ್ಡ ತೆಗೆಯುವ ಯಂತ್ರಕ್ಕೆ ಸರಿಯಾಗಿ ಅರ್ಧ ಗಡ್ಡ ಮುಗಿದಾಗಲೇ ಹಸಿವಾಗುವ ಕಾಲವೊಂದು ಬರುತ್ತದೆ, ಆ ಕಾಲದಲ್ಲಿ ನಾನು ಸಂಸಾರ ಮಾಡಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ತಿಳಿಸಿದ್ದರೆ ಎಲ್ಲವನ್ನೂ ಬಿಟ್ಟು ಯಾವುದಾದರೂ ಗುಡ್ಡ ಹತ್ತಿ ಕುಳಿತುಬಿಡುತ್ತಿದ್ದೆ. ಈಗ ಆ ದಾರಿಯೂ ಇಲ್ಲ. ನಮ್ಮ ಕಡೆ ಗುಡ್ಡವೆಂದು ಇರುವ ಎಲ್ಲ ಕಡೆ ಟವರು ನಿಂತಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕರಗಳನ್ನು ನೋಡಿಕೊಳ್ಳಬೇಕೆಂದು ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದಳು. ನೋಡಿಕೊಳ್ಳುತ್ತೇನೆ, ಕರದಲ್ಲಿ ಮೊಬೈಲು ಇರುತ್ತದೆ, ಅದರ ಮೂಲೆಯಲ್ಲಿ ಶೇಕಡ ಹನ್ನೊಂದು ಎಂದಿರುತ್ತದೆ. ನನ್ನ ದಿನ ಅಲ್ಲಿಗೇ ಹಾಳು.

ನಮ್ಮ ಮನೆ ಶಂಕರಪುರದಲ್ಲಿ. ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಅಪ್ಪನ ಅಂದಾಜಿನಲ್ಲಿ ಒಂದು ಸಂಸಾರಕ್ಕೆ ರೇಡಿಯೋಕ್ಕೊಂದು, ಇಸ್ತ್ರಿಪೆಟ್ಟಿಗೆಗೊಂದು ಪ್ಲಗ್ಗು ಇದ್ದರೆ ಧಾರಾಳವಾಯಿತು. ಆಮೇಲೆ ಸೇರಿಸಿದ್ದೆಲ್ಲ ಅಲ್ಲಲ್ಲಿ ಗೋಡೆ ಕೊರೆದು ಸೇರಿಸಿದ್ದು. ಅದರಲ್ಲಿ ದೇವರ ಕೋಣೆಯ ಬಾಗಿಲ ಪಕ್ಕದ್ದೊಂದೇ ಗಟ್ಟಿ. ಉಳಿದವಕ್ಕೆ ಚಾರ್ಜರು ಸಿಕ್ಕಿಸಿ ಕೆಳಗಿನಿಂದ ಬೆಂಕಿಪೊಟ್ಟಣ ಆನಿಸಿ ಇಡಬೇಕು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಮುಗಿಯಿತು. ಇಷ್ಟೆಲ್ಲ ಅವಸ್ಥೆಯ ನಡುವೆ ನಾನು ಮಾಡುವ ಉದ್ಯೋಗವೇನೆಂದು ಹೇಳಲಿಕ್ಕೆ ನನಗೆ ಸಂಕೋಚವಾಗುತ್ತದೆ. ಕಾರ್ಕಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಿದ್ಯುತ್ತು, ಆವೇಶ, ಕೋಶ, ಮೋಡಗಳ ನಡುವೆ ಮಿಂಚು ಉಂಟಾಗುವ ಬಗೆ, ಎಲ್ಲವನ್ನೂ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು, ಪಕ್ಕದ ಇಂಗ್ಲಿಷ್ ಮೇಡಮ್ಮಿನ ಹತ್ತಿರ "ಸ್ವಲ್ಪ ಚಾರ್ಜರ್ ಉಂಟಾ" ಎಂದು ಕೇಳುತ್ತೇನೆ. ಅವರು ಏನೂ ಹೇಳದೆ ಕೊಡುತ್ತಾರೆ, ಅದೇ ನನಗೆ ಹೆಚ್ಚು ಚುಚ್ಚುವುದು.

ನಮ್ಮ ಊರಿನವರಲ್ಲದವರಿಗೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಘಟ್ಟದ ಬುಡದಿಂದ ಕಡಲಿನವರೆಗೆ ನಮ್ಮದು ಸಿಡಿಲಿನ ಸೀಮೆ. ನವರಾತ್ರಿ ಮುಗಿದ ಮೇಲೆ ಸಂಜೆಯಾದರೆ ಸಾಕು, ಮೂಡು ದಿಕ್ಕಿನಲ್ಲಿ ಕಪ್ಪಾಗುತ್ತದೆ, ಗುಡುಗು ಶುರುವಾಗುತ್ತದೆ. ಆ ಮೊದಲ ಗುಡುಗಿಗೆ ಈ ಸೀಮೆಯ ಪ್ರತಿ ಮನೆಯಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲಿಯೇ ಏಳುತ್ತಾರೆ, ಮಂಗಳಾರತಿ ಎತ್ತುತ್ತಿದ್ದವರು ಎಡಗೈಯಿಂದಾದರೂ ಸರಿ, ಟಿ.ವಿ., ಫ್ರಿಜ್ಜು, ಮಿಕ್ಸಿ, ಇಂಟರ್‌ನೆಟ್ಟಿನ ಡಬ್ಬಿ, ಎಲ್ಲದರ ಪ್ಲಗ್ಗು ಎಳೆದು ಹಾಕುತ್ತಾರೆ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಗೋಡೆಯಿಂದ ಹೊರಗೆ ಬಂದು ನೇತಾಡಬೇಕು. ಇದು ಯಾರೂ ಕಲಿಸಿ ಬಂದದ್ದಲ್ಲ, ಈಜು ಬಲ್ಲವನ ಕೈಕಾಲು ನೀರಿಗೆ ಬಿದ್ದ ಕೂಡಲೇ ಆಡುವ ಹಾಗೆ. ಅಜ್ಜಿಯ ಕಾಲದಲ್ಲಿ ಎಳೆಯಲಿಕ್ಕೆ ಪ್ಲಗ್ಗು ಇರಲಿಲ್ಲವಾದ್ದರಿಂದ ಅವಳು ಕತ್ತಿಯನ್ನೋ ಹಾರೆಯನ್ನೋ ಅಂಗಳಕ್ಕೆ ಎಸೆದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅಮ್ಮನ ಕಾಲಕ್ಕೆ ಪ್ಲಗ್ಗು ಬಂತು. ಪರದೇಶದಲ್ಲಿರುವ ನಮ್ಮವರು ಕೂಡ ಅಲ್ಲಿ ಗುಡುಗಿದರೆ ಎದ್ದು ನಿಂತು, ಆಮೇಲೆ ನಾಚಿ ಕೂರುತ್ತಾರೆಂದು ಕೇಳಿದ್ದೇನೆ.

ಭೌತಶಾಸ್ತ್ರದವನಾಗಿ ನಾನು ಈ ಪದ್ಧತಿಯನ್ನು ತಪ್ಪೆನ್ನಲಾರೆ. ಒಮ್ಮೆ ಧೈರ್ಯ ಮಾಡಿ ಇನ್ವರ್ಟರು ತಂದೆ. ಅದಕ್ಕೆ ಎಳೆಯಲಿಕ್ಕೆ ಪ್ಲಗ್ಗೇ ಇಲ್ಲ, ನೇರ ತಂತಿ. ಅಮ್ಮ ಮೊದಲ ದಿನವೇ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದನ್ನು ಎಲ್ಲಿ ಹಿಡಿದು ಎಳೆಯುವುದು" ಅಂದಳು. ಎಳೆಯುವುದು ಬೇಡ ಅಮ್ಮ, ಅದರೊಳಗೆ ರಕ್ಷಣೆಯ ವ್ಯವಸ್ಥೆ ಇದೆ ಎಂದು ಬಾಣದ ಗುರುತು ಹಾಕಿ ತೋರಿಸಿದೆ. ಆ ವರ್ಷದ ಮೊದಲ ಸಿಡಿಲಿಗೆ ಊರಿನ ಎಲ್ಲ ಮನೆಗಳ ಎಲ್ಲ ಯಂತ್ರಗಳೂ ಉಳಿದು ನಮ್ಮ ಇನ್ವರ್ಟರೊಂದು ಸುಟ್ಟುಹೋಯಿತು. ಅದೀಗ ಅಟ್ಟದ ಮೆಟ್ಟಿಲಿನ ಕೆಳಗೆ ಇದೆ, ಅದರ ಮೇಲೆ ತೆಂಗಿನಕಾಯಿ ಇಡುತ್ತೇವೆ. ಅಂದಿನಿಂದ ಗುಡುಗಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ. ನಾನು ಏನಾದರೂ ಹೇಳಹೊರಟರೆ ನನ್ನ ಹೆಂಡತಿ ಶಾಲಿನಿ ಮೆಟ್ಟಿಲಿನ ಕಡೆಗೆ ಒಮ್ಮೆ ನೋಡುತ್ತಾಳೆ, ಅಷ್ಟೇ.

ಇನ್ನು ಅಮ್ಮನ ಕಿವಿಯ ವಿಷಯ. ಅಮ್ಮನಿಗೆ ಕಿವಿ ಮಂದವಾಗಿ ಹಲವು ವರ್ಷವಾಯಿತು. ಒಂದೇ ಸಲ ಆದದ್ದಲ್ಲ, ಮೊದಲು ಹಕ್ಕಿ ಹೋಯಿತು, ಆಮೇಲೆ ಕುಕ್ಕರು ಹೋಯಿತು, ಆಮೇಲೆ ನಾವು ಹೋದೆವು. ನಮ್ಮ ತೋಟದಲ್ಲಿ ಮಲ್ಲಿಗೆ ಉಂಟು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂವಿನ ವ್ಯಾಪಾರದ ಕಟ್ಟೆಗೆ ಕಳಿಸುವುದು ಅಮ್ಮನಿಗೆ ಮದುವೆಯಾಗಿ ಬಂದಂದಿನಿಂದ ನಡೆದುಕೊಂಡು ಬಂದ ಕೆಲಸ. ಹೂ ಕಟ್ಟುವ ಕೆಲಸ ಎಂದರೆ ಅರ್ಧ ಕೈಯದ್ದು, ಅರ್ಧ ಬಾಯಿಯದ್ದು. ಅಕ್ಕಪಕ್ಕದ ಹೆಂಗಸರು ತಮ್ಮ ಬುಟ್ಟಿಯನ್ನೂ ತಂದು ಅಲ್ಲಿಯೇ ಕೂರುತ್ತಿದ್ದರು, ಊರಿನ ಸುದ್ದಿಯೆಲ್ಲ ನಾರಿನೊಟ್ಟಿಗೇ ಗಂಟು ಬೀಳುತ್ತಿತ್ತು. ಕಿವಿ ಹೋದ ಮೇಲೆ ಅಮ್ಮ ಕೈ ಮಾತ್ರ ಆಡಿಸುತ್ತ, ಎಲ್ಲರೂ ನಗುವಾಗ ಸ್ವಲ್ಪ ತಡವಾಗಿ ತಾನೂ ನಗುತ್ತ ಕೂರುತ್ತಿದ್ದಳು. ಆ ತಡವಾದ ನಗುವನ್ನು ನೋಡಲಿಕ್ಕಾಗದೆ ನಾನು ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಕಿವಿ ಪರೀಕ್ಷೆ ಮಾಡಿದ ಹುಡುಗಿ ತುಂಬ ಒಳ್ಳೆಯವಳು. ಎರಡು ಕಿವಿಗೂ ಹಲಸಿನ ಬೀಜಕ್ಕಿಂತ ಚಿಕ್ಕದಾದ ಒಂದೊಂದು ಯಂತ್ರ ಕೊಟ್ಟಳು. "ಇದಕ್ಕೆ ಸೆಲ್ ಹಾಕುವ ತಾಪತ್ರಯ ಇಲ್ಲ ಸರ್, ರೀಚಾರ್ಜ್ ಆಗ್ತದೆ. ಮಲಗುವಾಗ ಈ ಪೆಟ್ಟಿಗೆಯಲ್ಲಿ ಇಡಿ, ಪ್ಲಗ್ ಹಾಕಿ. ಕಿತ್ತಳೆ ಬಣ್ಣ ಮಿನುಗಿದ್ರೆ ಚಾರ್ಜ್ ಆಗ್ತಾ ಉಂಟು ಅಂತ. ಹಸಿರು ಬಂದ್ರೆ ಆಯ್ತು. ಬೆಳಿಗ್ಗೆ ತೆಗೆದು ಹಾಕಿದ್ರೆ ರಾತ್ರಿವರೆಗೆ ಬರ್ತದೆ" ಅಂದಳು. ಎಷ್ಟು ಸುಲಭ ನೋಡಿ. ತಿರುಗಿ ಬರುವಾಗ ಕಾಪುವಿನ ಹತ್ತಿರ ಕಾರು ನಿಲ್ಲಿಸಿದಾಗ ಅಮ್ಮ ಕಡಲಿನ ಕಡೆ ತಿರುಗಿ, "ಇದು ಇಷ್ಟು ಗಲಾಟೆ ಮಾಡ್ತದೆ ಅಂತ ನನಗೆ ಮರೆತೇ ಹೋಗಿತ್ತು" ಅಂದಳು. ನನಗೆ ಆ ಹೊತ್ತು ಜನ್ಮ ಸಾರ್ಥಕವಾದಂತೆ ಅನಿಸಿತು. ಹಾಗೆ ಅನಿಸಿದಾಗಲೆಲ್ಲ ನನಗೆ ಮುಂದೆ ಏನೋ ಕಾದಿರುತ್ತದೆ, ಅದು ನನ್ನ ಗ್ರಹಚಾರ.

ಕಾದದ್ದೇನೆಂದರೆ, ಅಮ್ಮನಿಗೆ ಗುಡುಗು ಕೇಳತೊಡಗಿತು. ಕಿವಿ ಮಂದವಾಗಿದ್ದಷ್ಟು ವರ್ಷ ನಮ್ಮ ಮನೆಯಲ್ಲಿ ಪ್ಲಗ್ಗು ಎಳೆಯುವ ಕೆಲಸ ಶಾಲಿನಿಯದ್ದಾಗಿತ್ತು. ಅವಳು ಗುಡುಗು ತೀರಾ ಹತ್ತಿರ ಬಂದ ಮೇಲೆ ಎಳೆಯುತ್ತಿದ್ದಳು, ನಿಂತ ಕೂಡಲೇ ಹಾಕುತ್ತಿದ್ದಳು. ನಡುವೆ ಎಲ್ಲರ ಹೊಟ್ಟೆಗೂ ಅಷ್ಟಿಷ್ಟು ಬೀಳುತ್ತಿತ್ತು. ಈಗ ಯಂತ್ರ ಹಾಕಿಕೊಂಡ ಅಮ್ಮನಿಗೆ ಕಾರ್ಕಳದಾಚೆ ಘಟ್ಟದಲ್ಲಿ ಗುಡುಗಿದ್ದು ಕೂಡ ಕೇಳುತ್ತದೆ. ನಮಗೆ ಯಾರಿಗೂ ಏನೂ ಕೇಳಿರುವುದಿಲ್ಲ, ಆಕಾಶ ನೀಲಿ ಇರುತ್ತದೆ. ಅಮ್ಮ ಎದ್ದು, ಸೆರಗು ಸಿಕ್ಕಿಸಿಕೊಂಡು, ಚಾವಡಿಯಿಂದ ಶುರುಮಾಡಿ ಅಡುಗೆಮನೆಯವರೆಗೆ ಒಂದೊಂದೇ ಎಳೆಯುತ್ತ ಹೋಗುತ್ತಾಳೆ. ಕೊನೆಗೆ ದೇವರ ಕೋಣೆಯ ಪಕ್ಕದಲ್ಲಿರುವ ತನ್ನ ಕಿವಿಯಂತ್ರದ ಪೆಟ್ಟಿಗೆಯದ್ದನ್ನೂ ಎಳೆಯುತ್ತಾಳೆ. ಗುಡುಗು ನಿಂತ ಮೇಲೆ ಹಾಕೋಣವೆಂದರೆ ಒಪ್ಪುವುದಿಲ್ಲ. ತಂತಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ, ಬೆಳಗಾಗಲಿ ಅನ್ನುತ್ತಾಳೆ. ಬೆಳಗಾದರೆ ಯಂತ್ರ ಕಿವಿಗೆ ಬೇಕು, ಹೂ ಕಟ್ಟುವ ಹೊತ್ತು. ಮಧ್ಯಾಹ್ನ ಮಲಗುವಾಗ ಪೆಟ್ಟಿಗೆಗೆ ಸೇರಿದರೆ ಅಷ್ಟೇ, ಅದೇ ಅದರ ಒಪ್ಪೊತ್ತಿನ ಊಟ. ಎರಡು ದಿನಕ್ಕೊಮ್ಮೆ ಯಂತ್ರ ಪೂರ್ತಿ ಸಾಯುತ್ತದೆ. ಸತ್ತರೆ ಅಮ್ಮನಿಗೆ ಗುಡುಗು ಕೇಳುವುದಿಲ್ಲ. ಕೇಳದಿದ್ದರೆ ಪ್ಲಗ್ಗು ಎಳೆಯುವುದಿಲ್ಲ. ಎಳೆಯದಿದ್ದರೆ ರಾತ್ರಿಯೆಲ್ಲ ಚಾರ್ಜಾಗುತ್ತದೆ. ಚಾರ್ಜಾದರೆ ಮರುದಿನ ಮತ್ತೆ ಘಟ್ಟದ ಗುಡುಗು ಕೇಳುತ್ತದೆ. ನಾನು ಇದನ್ನು ಒಂದು ಕಾಗದದಲ್ಲಿ ಬಾಣದ ಗುರುತು ಹಾಕಿ ಬರೆದು ನೋಡಿದೆ, ಅದು ಉಂಗುರದ ಹಾಗೆ ಸುತ್ತಿಬಂತು, ಎಲ್ಲಿಯೂ ಕತ್ತರಿಸಲಿಕ್ಕೆ ಸಂದು ಸಿಗಲಿಲ್ಲ.

ಯಂತ್ರದೊಟ್ಟಿಗೆ ಮನೆಯ ಉಳಿದ ಪ್ರಾಣಿಗಳೂ ಉಪವಾಸ ಬಿದ್ದವು. ನನ್ನ ಮೊಬೈಲು, ಶಾಲಿನಿಯ ಮೊಬೈಲು, ಕಷ್ಟಕಾಲಕ್ಕೆಂದು ಇಟ್ಟ ಪವರ್ ಬ್ಯಾಂಕು, ಪವರ್ ಬ್ಯಾಂಕು ಹುಡುಕಲಿಕ್ಕೆಂದು ಇಟ್ಟ ಟಾರ್ಚು, ಎಲ್ಲ ಮೇಜಿನ ಮೇಲೆ ಸಾಲಾಗಿ ಅಂಗಾತ ಮಲಗಿರುತ್ತಿದ್ದವು. ಮನೆಯ ಅಟ್ಟಕ್ಕೆ ಹತ್ತಿದರೆ ನಂದಿಕೂರಿನ ಕಡೆ ಕರೆಂಟು ಮಾಡುವ ಕಾರ್ಖಾನೆಯ ದೊಡ್ಡ ಚಿಮಣಿ ಕಾಣುತ್ತದೆ, ಅಲ್ಲಿಂದ ಊರೂರಿಗೆ ಹೋಗುವ ತಂತಿಗಳು ಗದ್ದೆಗಳ ಮೇಲೆ ಹಾದು ಹೋಗುವುದೂ ಕಾಣುತ್ತದೆ. ಅದರಲ್ಲಿ ಒಂದು ಚಮಚದಷ್ಟು ಸಿಕ್ಕಿದರೆ ನಮ್ಮ ಅಮ್ಮನ ಕಿವಿ ಒಂದು ವಾರ ನಡೆಯುತ್ತದೆ. ಕೈ ಚಾಚಿ ತೆಗೆದುಕೊಳ್ಳುವ ಹಾಗಿದ್ದರೆ ಚಾಚುತ್ತಿದ್ದೆ. ಒಂದು ದಿನ ತಡೆಯಲಾರದೆ, "ಅಮ್ಮ, ಎಲ್ಲವನ್ನೂ ಎಳೆ, ಆ ಪೆಟ್ಟಿಗೆಯೊಂದನ್ನು ಬಿಟ್ಟುಬಿಡು" ಎಂದು ಬೇಡಿಕೊಂಡೆ. ಅಮ್ಮ ನನ್ನನ್ನು ಕನಿಕರದಿಂದ ನೋಡಿ, "ಮನೆಯಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು ಅದು. ಅದನ್ನೇ ಸಿಡಿಲಿಗೆ ಬಿಡ್ಲಿಕ್ಕೆ ಹೇಳ್ತೀಯಲ್ಲ, ನೀನು ಮಕ್ಕಳಿಗೆ ಎಂತ ಕಲಿಸುವುದು ಮಾರಾಯ" ಅಂದಳು. ಶಾಲಿನಿ ಮೆಟ್ಟಿಲಿನ ಕಡೆ ನೋಡಿದಳು.

ಹೀಗಿರುವಾಗ ಲಿಲ್ಲಿ ಬಾಯಿ ಬಂದರು. ಲಿಲ್ಲಿ ಬಾಯಿ ನಮ್ಮ ತೋಟದಾಚೆಯ ಮನೆಯವರು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಇಬ್ಬರೂ ಹೊಸ ಸೊಸೆಯರಾಗಿದ್ದ ಕಾಲದಿಂದ ಒಂದೇ ಜಗಲಿಯಲ್ಲಿ ಹೂ ಕಟ್ಟಿದವರು. ಅವರ ಮಲ್ಲಿಗೆ ಕಡಿಮೆಯಿದ್ದ ದಿನ ನಮ್ಮದನ್ನು ಸೇರಿಸಿ, ನಮ್ಮದು ಕಡಿಮೆಯಿದ್ದ ದಿನ ಅವರದನ್ನು ಸೇರಿಸಿ ಚೆಂಡು ಪೂರ್ತಿ ಮಾಡುತ್ತಿದ್ದರು. ಕ್ರಿಸ್ಮಸ್ಸಿಗೆ ಅವರು ಹಂಚುವ ಕುಸ್ವಾರದಲ್ಲಿ ನಮಗೆಂದು ಮೊಟ್ಟೆ ಹಾಕದ ತಿಂಡಿಯ ಒಂದು ತಟ್ಟೆ ಬೇರೆಯೇ ಬರುತ್ತಿತ್ತು. ಆಮೇಲೆ ಅವರು ವಸೈಯಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆಂದು ಹೋದವರು ಅಲ್ಲಿಯೇ ಉಳಿದರು. ಅಮ್ಮನಿಗೆ ಯಂತ್ರ ಬಂದದ್ದು ಆಮೇಲೆ. ಈಗ ಮನೆಯನ್ನು ತಮ್ಮನ ಮಗನಿಗೆ ಒಪ್ಪಿಸಿ, ಇನ್ನು ಊರಿಗೆ ಬರುವುದಿಲ್ಲವೆಂದು ತೀರ್ಮಾನಿಸಿ, ಸಾಮಾನು ಕಟ್ಟಲಿಕ್ಕೆ ಬಂದಿದ್ದರು. ನನ್ನನ್ನು ತೋಟದ ಬೇಲಿಯ ದಣಪೆಯ ಹತ್ತಿರ ನಿಲ್ಲಿಸಿ ಕೇಳಿದರು: "ಗಿರಿಜಕ್ಕನಿಗೆ ಈಗ ಕೇಳ್ತದಂತಲ್ಲ ಮಗಾ, ಹೌದಾ?" ಹೌದು ಅಂದೆ. "ಹಾಗಾದ್ರೆ ಶನಿವಾರ ನಾನು ಅಲ್ಲಿಗೇ ಬರ್ತೇನೆ. ಅಕ್ಕನ ಹತ್ತಿರ ಕೂತು ಒಂದು ಬುಟ್ಟಿ ಹೂ ಕಟ್ಟಿ, ಅಲ್ಲಿಂದಲೇ ರೈಲಿಗೆ ಹೋಗ್ತೇನೆ. ಅವಳಿಗೆ ನನಗೊಂದು ವಿಷಯ ಹೇಳ್ಲಿಕ್ಕುಂಟು. ಎಷ್ಟೋ ವರ್ಷದಿಂದ ಹೇಳಬೇಕು ಅಂತ ಇದ್ದದ್ದು, ಅಷ್ಟರಲ್ಲಿ ಅವಳ ಕಿವಿ ಹೋಯ್ತು. ಬೊಬ್ಬೆ ಹಾಕಿ ಹೇಳುವ ವಿಷಯ ಅಲ್ಲ ಅದು." ಅವರ ಮುಖ ನೋಡಿದರೆ ಅದು ಚಿಕ್ಕ ವಿಷಯವಲ್ಲವೆಂದು ತಿಳಿಯುತ್ತಿತ್ತು. ಫೋನಿನಲ್ಲಿ ಹೇಳಲಿಕ್ಕೂ ಆಗುವುದಿಲ್ಲ, ಕಿವಿಗೆ ಫೋನು ಹಿಡಿದರೆ ಅಮ್ಮನ ಯಂತ್ರ ಕುಯ್ಯೋ ಎಂದು ಅಳುತ್ತದೆ. ನಾನು ಎದೆ ಮುಟ್ಟಿಕೊಂಡು, "ನೀವು ಬನ್ನಿ ಬಾಯಿ. ಶನಿವಾರ ಅಮ್ಮನ ಕಿವಿ ಪೂರ್ತಿ ಚಾರ್ಜಿನಲ್ಲಿ ಇರ್ತದೆ, ಅದು ನನ್ನ ಜವಾಬ್ದಾರಿ" ಅಂದುಬಿಟ್ಟೆ.

ಈ ಸಲ ನಾನು ಬುದ್ಧಿ ಉಪಯೋಗಿಸಿದೆ. ಶುಕ್ರವಾರ ಕಾಲೇಜಿನಿಂದ ಬೇಗ ಹೊರಟು, ಆಕಾಶ ಇನ್ನೂ ಬೆಳ್ಳಗಿರುವಾಗಲೇ ಮನೆಗೆ ಬಂದು, "ನಾಳೆ ಲಿಲ್ಲಿ ಬಾಯಿ ಬರ್ತಾರೆ, ಇವತ್ತು ಇದಕ್ಕೆ ಬೇಗ ಊಟ ಹಾಕುವ" ಎಂದು ಅಮ್ಮನ ಕಿವಿಯಿಂದ ಯಂತ್ರ ತೆಗೆಸಿ ಪೆಟ್ಟಿಗೆಯಲ್ಲಿಟ್ಟೆ. ಕಿತ್ತಳೆ ದೀಪ ಮಿನುಗತೊಡಗಿತು. ಯಂತ್ರ ಪೆಟ್ಟಿಗೆಯಲ್ಲಿದ್ದರೆ ಅಮ್ಮನಿಗೆ ಗುಡುಗು ಕೇಳುವಂತಿಲ್ಲ, ಗುಡುಗು ಕೇಳದಿದ್ದರೆ ಅವಳು ಪ್ಲಗ್ಗಿನ ಹತ್ತಿರ ಬರುವಂತಿಲ್ಲ. ಉಂಗುರದಲ್ಲಿ ಸಂದು ಸಿಕ್ಕಿತ್ತು. ಅಮ್ಮ ಯಾವ ಚಿಂತೆಯೂ ಇಲ್ಲದೆ ಚಾವಡಿಯಲ್ಲಿ ಕುಳಿತು ನಾಳೆಗೆಂದು ಬಾಳೆನಾರು ಸೀಳುತ್ತಿದ್ದಳು. ನಾನು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕುಳಿತೆ. ಶಾಲಿನಿ ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಬ್ಬ ಹುಡುಗ ಮಿಂಚಿನಿಂದ ರಕ್ಷಣೆಯ ಕುರಿತ ಪ್ರಶ್ನೆಗೆ "ಪ್ಲಗ್ ತೆಗೆಯುವುದು" ಎಂದು ಎರಡೇ ಪದ ಬರೆದಿದ್ದ. ಇವನಿಗೆ ಎಷ್ಟು ಅಂಕ ಕೊಡಬೇಕೆಂದು ಯೋಚಿಸುತ್ತಿರುವಾಗ ಮನೆಯ ಮಾಡಿನ ಮೇಲೆಯೇ ಆಕಾಶ ಒಡೆದ ಹಾಗೆ ಒಂದು ಸಿಡಿಲು ಹೊಡೆಯಿತು. ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದೆಂದರೆ ನಾನು ಓಡುತ್ತಿದ್ದೆ, ಟಿ.ವಿ., ಫ್ರಿಜ್ಜು, ಮಿಕ್ಸಿ, ಎಲ್ಲವೂ ನನ್ನ ಕೈಯಲ್ಲಿ ಒಂದರ ಹಿಂದೊಂದು ಕಳಚಿ ಬರುತ್ತಿದ್ದವು. ಬಟ್ಟೆಯ ರಾಶಿ ಹೊತ್ತು ಓಡಿಬಂದ ಶಾಲಿನಿ ನೇತಾಡುವ ವೈರುಗಳನ್ನು ನೋಡಿ, "ಅಬ್ಬ, ಇವತ್ತು ನೀವೇ ಮಾಡಿ ಮುಗಿಸಿದಿರಾ" ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಕಡಿಮೆ. ನಾನು ಆ ಸಂತೋಷದಲ್ಲಿ ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಅಮ್ಮ ಪೆಟ್ಟಿಗೆ ತೆರೆದು ನನ್ನ ಮುಂದೆ ಹಿಡಿದಳು. ಕಿತ್ತಳೆಯೂ ಇಲ್ಲ, ಹಸಿರೂ ಇಲ್ಲ. ದೇವರ ಕೋಣೆಯ ಪಕ್ಕದಲ್ಲಿ ಪ್ಲಗ್ಗು ತಲೆಕೆಳಗಾಗಿ ನೇತಾಡುತ್ತಿತ್ತು. ರಾತ್ರಿಯಿಡೀ ಕರೆಂಟು ಇತ್ತೆಂದು ಶಾಲಿನಿ ಹೇಳಿದಳು, ಒಮ್ಮೆ ಕೂಡ ಹೋಗಲಿಲ್ಲವಂತೆ. ನಾನು ಓಡಿಹೋಗಿ ಪ್ಲಗ್ಗು ಸಿಕ್ಕಿಸಿದೆ. ಏನೂ ಆಗಲಿಲ್ಲ. ಲೈನಿಗೆ ತಾಗುವ ಕೊಂಬೆ ಕಡಿಯಲಿಕ್ಕಿದೆ, ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ಇರುವುದಿಲ್ಲ ಎಂದು ಹಿಂದಿನ ದಿನದ ಪೇಪರಿನಲ್ಲಿಯೇ ಬಂದಿತ್ತಂತೆ. ನಾನು ಪೇಪರನ್ನು ಮೊಬೈಲಿನಲ್ಲಿ ಓದುವವನು, ಮೊಬೈಲು ಯಾವಾಗ ಜೀವಂತ ಇತ್ತು? ಪವರ್ ಬ್ಯಾಂಕನ್ನು ಅಲ್ಲಾಡಿಸಿ ನೋಡಿದೆ, ಅಲ್ಲಾಡಿಸಿದರೆ ಬರುವಂಥದ್ದಲ್ಲವೆಂದು ಗೊತ್ತಿದ್ದೂ. "ಯಾರು ಎಳೆದದ್ದು ಇದನ್ನು" ಎಂದು ಅಮ್ಮ ಕೇಳಿದಳು. ಅವಳಿಗೆ ಕೇಳುವುದಿಲ್ಲವೆಂಬ ಧೈರ್ಯದಲ್ಲಿ, ನಾನೇ ಎಂದು ಸಣ್ಣ ದನಿಯಲ್ಲಿ ಹೇಳಿದೆ. ಹಿಂದಿನ ಸಂಜೆ ಸಿಡಿಲಿನ ಮೊದಲು ತುಂಬಿದ ಅಷ್ಟಿಷ್ಟು ಯಂತ್ರದಲ್ಲಿ ಉಳಿದಿತ್ತು. ಒಂದು ತೊಟ್ಟೂ ಪೋಲಾಗಬಾರದೆಂದು ಗುಂಡಿ ಒತ್ತಿ ಆರಿಸಿ, ನನ್ನ ಜೇಬಿನಲ್ಲಿಯೇ ಇಟ್ಟುಕೊಂಡೆ.

ಲಿಲ್ಲಿ ಬಾಯಿ ಒಳ್ಳೆಯ ಸೀರೆ ಉಟ್ಟು, ಎರಡು ಬ್ಯಾಗು ಹಿಡಿದು ಬಂದರು. ಜಗಲಿಯಲ್ಲಿ ಬುಟ್ಟಿ, ನಾರು, ಇಬ್ಬರಿಗೂ ಮಣೆ ಸಿದ್ಧವಾಗಿದ್ದವು. ಶಾಲಿನಿ ಚಾ ಇಟ್ಟಳು. ನಾನು ಅಮ್ಮನ ಎರಡೂ ಕಿವಿಗೆ ಯಂತ್ರ ಸಿಕ್ಕಿಸಿ ಗುಂಡಿ ಒತ್ತಿದೆ. ಅಮ್ಮನ ಮುಖ ಅರಳಿತು. "ಲಿಲ್ಲಿ, ಮಾತಾಡು ನೋಡುವ" ಅಂದಳು. ಲಿಲ್ಲಿ ಬಾಯಿ ಬಾಯಿ ತೆರೆದರು. ಅಷ್ಟರಲ್ಲಿ ನನಗೆ, ಚಾರ್ಜು ಕಡಿಮೆ ಇದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದೆನಿಸಿತು. ಮುಖ್ಯ ವಿಷಯ ಮೊದಲು ಹೇಳಲಿ, ಕುಶಲೋಪರಿ ಆಮೇಲಾಗಲಿ ಎಂದು. ಹೇಳಿದೆ. ಏಕೆ ಕಡಿಮೆ ಇದೆ ಎಂದು ಹೇಳದಿದ್ದರೆ ನಾನು ಮಾತಿಗೆ ತಪ್ಪಿದವನಾಗುತ್ತೇನಲ್ಲ, ಅದಕ್ಕೆ ಹಿಂದಿನ ದಿನದ ಸಿಡಿಲಿನ ವಿಷಯ ಹೇಳಿದೆ. ಲಿಲ್ಲಿ ಬಾಯಿ, "ಹೌದಾ, ಹಾಗೆಯಾ" ಅಂದರು. ಅದನ್ನು ಕೇಳಿದ ಮೇಲೆ ಯಾವ ಮೇಷ್ಟ್ರು ತಾನೇ ನಿಲ್ಲಿಸುತ್ತಾನೆ? ಲಿಥಿಯಂ ಕೋಶದೊಳಗೆ ಏನು ಅತ್ತಿಂದಿತ್ತ ಹೋಗುತ್ತದೆ, ಪೂರ್ತಿ ಖಾಲಿಯಾಗಲಿಕ್ಕೆ ಬಿಟ್ಟರೆ ಅದರ ಆಯುಷ್ಯ ಹೇಗೆ ಕಡಿಮೆಯಾಗುತ್ತದೆ, ಹಳೆಯ ಮೊಬೈಲು ಶೇಕಡ ಹದಿನೈದರಿಂದ ಒಮ್ಮೆಲೇ ಸೊನ್ನೆಗೆ ಏಕೆ ಬೀಳುತ್ತದೆ, ಎಲ್ಲ ಹೇಳಿದೆ. ಶಾಲಿನಿ ಬಾಗಿಲಲ್ಲಿ ನಿಂತು ಕಣ್ಣಿನಲ್ಲಿ ಏನೋ ಸನ್ನೆ ಮಾಡುತ್ತಿದ್ದಳು, ವಿಷಯ ಚೆನ್ನಾಗಿ ಬರುತ್ತಿದೆ ಎಂದು ಹೇಳುತ್ತಿದ್ದಾಳೆಂದುಕೊಂಡೆ. ನಂದಿಕೂರಿನ ಚಿಮಣಿಯವರೆಗೆ ಬಂದಿದ್ದೆ. ಅಮ್ಮ ಕಿವಿಗೆ ಕೈ ಇಟ್ಟು, "ಟೊಯ್ ಟೊಯ್ ಅಂತು ಮಗಾ. ನಿಂತಿತು" ಅಂದಳು.

ಶಾಲಿನಿ ಮೆಟ್ಟಿಲಿನ ಕಡೆ ಕೂಡ ನೋಡಲಿಲ್ಲ, ಸುಮ್ಮನೆ ಒಳಗೆ ಹೋದಳು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಲಿಲ್ಲಿ ಬಾಯಿ ಮಾತ್ರ, "ಇರಲಿ ಮಗಾ, ನಿನಗೆ ಎಂತ ಮಾಡ್ಲಿಕ್ಕಾಗ್ತದೆ" ಅಂದರು. ಅದು ಸಮಾಧಾನದ ಮಾತೋ, ನನ್ನ ಒಟ್ಟು ಬದುಕಿನ ಕುರಿತ ತೀರ್ಪೋ ತಿಳಿಯಲಿಲ್ಲ. ಆಗ ಕಾರಿನ ನೆನಪಾಯಿತು. ಕಾರಿನ ಮುಂಭಾಗದಲ್ಲಿ ವೈರು ಸಿಕ್ಕಿಸುವ ತೂತು ಒಂದಿದೆ, ಎಂಜಿನು ಚಾಲೂ ಇದ್ದರೆ ಚಾರ್ಜಾಗುತ್ತದೆ. ಅಮ್ಮನ ಕಿವಿಯಿಂದ ಯಂತ್ರ ತೆಗೆದು, ಪೆಟ್ಟಿಗೆ, ವೈರು ಹಿಡಿದು ಅಂಗಳಕ್ಕೆ ಓಡಿದೆ. ಕಾರು ಜಗಲಿಯ ಎದುರಿಗೇ ನಿಂತಿತ್ತು. ಎಂಜಿನು ಚಾಲೂ ಮಾಡಿ ವೈರು ಸಿಕ್ಕಿಸಿದೆ. ಕಿತ್ತಳೆ ಮಿನುಗಿತು. ಬೆವರು ಸುರಿಯುತ್ತಿತ್ತು, ಕಿಟಕಿ ಏರಿಸಿ ಏ.ಸಿ. ಹಾಕಿಕೊಂಡೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ದೀಪವನ್ನೇ ನೋಡುತ್ತ ಕುಳಿತೆ, ಹಾಲು ಉಕ್ಕುವುದನ್ನು ಕಾಯುವ ಹಾಗೆ.

ನಡುನಡುವೆ ತಲೆ ಎತ್ತಿದರೆ ಗಾಜಿನಾಚೆ ಅವರಿಬ್ಬರೂ ಕಾಣುತ್ತಿದ್ದರು. ಹೂ ಕಟ್ಟುತ್ತಿದ್ದರು. ಲಿಲ್ಲಿ ಬಾಯಿ ಮಾತಾಡುತ್ತಿದ್ದರು. ಒಮ್ಮೆ ಅವರ ಕೈ ನಿಂತಿತು, ಅಮ್ಮನ ಮೊಣಕಾಲ ಮೇಲೆ ಕೈ ಇಟ್ಟು ಬಹಳ ಹೊತ್ತು ಏನೋ ಹೇಳಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಮ್ಮ ಅವರ ಮುಖವನ್ನೇ ನೋಡುತ್ತ ತಲೆಯಾಡಿಸುತ್ತಿದ್ದಳು. ಆಗಲೇ ಓಡಿಹೋಗಿ ಯಂತ್ರ ಕೊಡಬೇಕಿತ್ತು, ಇದ್ದಷ್ಟು ಚಾರ್ಜಿಗೆ. ಆದರೆ ಅರೆಹೊಟ್ಟೆಯಲ್ಲಿ ಕೊಟ್ಟು ಮತ್ತೆ ನಡುವೆ ನಿಂತರೆ? ಇನ್ನು ಸ್ವಲ್ಪ ತುಂಬಲಿ, ಇನ್ನು ಸ್ವಲ್ಪ, ಎಂದು ಕುಳಿತೆ. ಹಿಂದಿನಿಂದ ಹಾರ್ನು ಕೇಳಿಸಿತು. ರೈಲಿಗೆ ಕರೆದುಕೊಂಡು ಹೋಗುವ ರಿಕ್ಷಾ ಬಂದಿತ್ತು. ನನ್ನ ಕಾರು ದಾರಿಗೆ ಅಡ್ಡ ಇದ್ದುದರಿಂದ ಅದನ್ನು ತೆಂಗಿನ ಮರದ ಬುಡಕ್ಕೆ ಸರಿಸಬೇಕಾಯಿತು. ಸರಿಸಿ, ಪೆಟ್ಟಿಗೆ ಹಿಡಿದು ಓಡಿ ಬರುವಾಗ ಲಿಲ್ಲಿ ಬಾಯಿ ರಿಕ್ಷಾ ಹತ್ತಿ ಆಗಿತ್ತು. ನನ್ನ ಕೈ ಹಿಡಿದುಕೊಂಡು ಹೇಳಿದರು: "ಅಕ್ಕನಿಗೆ ಕೇಳಲಿಲ್ಲ ಅಂತ ನನಗೆ ಗೊತ್ತುಂಟು ಮಗಾ. ಆದ್ರೆ ನನಗೆ ಹೇಳದೆ ಹೋಗ್ಲಿಕ್ಕೆ ಆಗ್ತಿರಲಿಲ್ಲ. ನೀನು ಇಲ್ಲೇ ಎದುರಿಗೆ ಇದ್ದೆಯಲ್ಲ, ಎಲ್ಲ ಕೇಳಿದ್ದೀಯಲ್ಲ. ನಿನ್ನಿಂದ ಅಡಗಿಸುವಂಥದ್ದು ಎಂತದೂ ಇಲ್ಲ. ಚಾರ್ಜ್ ಆದ ಮೇಲೆ ನೀನೇ ಅವಳಿಗೆ ಮೆಲ್ಲಗೆ ಹೇಳು, ಆಯ್ತಾ?"

ಕಿಟಕಿ ಏರಿಸಿತ್ತು, ಏ.ಸಿ. ಓಡುತ್ತಿತ್ತು, ನನಗೆ ಒಂದು ಮಾತೂ ಕೇಳಿಲ್ಲ ಎಂದು ಆಗಲೇ ಹೇಳಬೇಕಿತ್ತು. ಒದ್ದೆ ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತಿದ್ದ ಆ ಮುದುಕಿಗೆ, ಅಷ್ಟು ವರ್ಷದ ಭಾರ ಈಗ ತಾನೇ ಇಳಿಸಿ ಹೊರಟವರಿಗೆ, ಇನ್ನೊಮ್ಮೆ ಹೇಳಿ ಎನ್ನುವುದು ಹೇಗೆ? ರಿಕ್ಷಾದವನು ರೈಲಿಗೆ ಹೊತ್ತಾಯಿತೆಂದು ಗಡಿಬಿಡಿ ಮಾಡುತ್ತಿದ್ದ. ನಾನು ತಲೆಯಾಡಿಸಿದೆ. "ಆಯ್ತು ಬಾಯಿ" ಅಂದೆ. ರಿಕ್ಷಾ ಹೋಯಿತು.

ಜಗಲಿಗೆ ಬಂದು ಅಮ್ಮನ ಕಿವಿಗೆ ಯಂತ್ರ ಸಿಕ್ಕಿಸಿದೆ. ಲಿಲ್ಲಿ ಬಾಯಿ ಕಟ್ಟಿದ ಮಲ್ಲಿಗೆಯ ಚೆಂಡು ಅವಳ ಮಡಿಲಿನಲ್ಲಿತ್ತು. ಅಮ್ಮ ರಸ್ತೆಯ ಕಡೆ ಸ್ವಲ್ಪ ಹೊತ್ತು ಕಿವಿಗೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

"ಹೂಂ, ಹೇಳು. ಹೋಗುವಾಗ ನಿನ್ನ ಹತ್ತಿರ ಒಪ್ಪಿಸಿ ಹೋದಳಲ್ಲ, ನಾನು ನೋಡಿದೆ. ಎಂತ ಅಂತೆ?"

"ಆರೋಗ್ಯ ನೋಡಿಕೊಳ್ಳಲಿಕ್ಕೆ ಹೇಳಿದರು."

"ಮತ್ತೆ?"

"ನಿನ್ನನ್ನು ಯಾವಾಗಲೂ ನೆನಪು ಮಾಡಿಕೊಳ್ತಾರಂತೆ."

"ಮತ್ತೆ?"

"ಅಷ್ಟೇ ಅಮ್ಮ."

ಅಮ್ಮ ಆ ಚೆಂಡನ್ನು ಒಮ್ಮೆ ತಿರುಗಿಸಿ ನೋಡಿ, "ಅಷ್ಟಕ್ಕೆ ಅವಳು ಅಳಬೇಕಾ?" ಅಂದಳು. ಯಂತ್ರ ಈಗ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾನು ಹೇಳಿದ ಸುಳ್ಳಿನಲ್ಲಿ ಒಂದಕ್ಷರವೂ ಅವಳಿಗೆ ತಪ್ಪಿರಲಿಲ್ಲ.